ಸದ್ದು ಮಾಡದ ಹೋಲ್ ಹೌಸ್ ಫ್ಯಾನ್ ಯಾವುದು? ಅತ್ತೆ ಮಾವ ಬರುವ ಮುಂಚೆ ಹಾಕಿಸಬೇಕು

ತುಂಗೆಯ_ದಡ (ಫೋಲ್ಸಮ್), ಮಾರ್ಚ್ 8

ಎಲ್ಲರಿಗೂ ನಮಸ್ಕಾರ. ನಾವಿರುವುದು ಸ್ಯಾಕ್ರಮೆಂಟೊ ಹತ್ತಿರ ಫೋಲ್ಸಮ್‌ನಲ್ಲಿ. ಎರಡಂತಸ್ತಿನ ಮನೆ, 2,100 ಚದರಡಿ, 1990ರ ದಶಕದಲ್ಲಿ ಕಟ್ಟಿದ್ದು. ಮೇಲಿನ ಹಾಲ್‌ವೇ ಸೀಲಿಂಗ್‌ನಲ್ಲಿ ಹಳೇ ಕಾಲದ ಹೋಲ್ ಹೌಸ್ ಫ್ಯಾನ್ ಇದೆ, ಅಂದರೆ ಕಿಟಕಿಯಿಂದ ತಂಪು ಗಾಳಿ ಎಳೆದು ಇಡೀ ಮನೆ ತಣಿಸುವ ಫ್ಯಾನ್. 30 ಇಂಚಿನದು, ಬೆಲ್ಟ್ ಮೇಲೆ ಓಡುವಂಥದ್ದು. ಮನೆಯೇನೋ ತಣ್ಣಗಾಗುತ್ತದೆ, ಆದರೆ ಸದ್ದು ಹಿಟ್ಟಿನ ಗಿರಣಿಯಲ್ಲಿ ನಿಂತ ಹಾಗೆ. ಕೆಳಗಿನ ತಗಡಿನ ಪಟ್ಟಿಗಳು ಪಟಪಟ ಹೊಡೆದುಕೊಳ್ಳುತ್ತವೆ.

ಮೇ ಕೊನೆಗೆ ಅತ್ತೆ ಮಾವ ಶಿವಮೊಗ್ಗದಿಂದ ಬರುತ್ತಿದ್ದಾರೆ, ಆರು ತಿಂಗಳು ಇರುತ್ತಾರೆ. ಮಾವನಿಗೆ ಎ.ಸಿ. ಆಗಿ ಬರುವುದಿಲ್ಲ. ಹೋದ ಸಲ ಎ.ಸಿ. ಹಾಕಿದರೆ ಮಂಡಿ ಹಿಡಿದುಕೊಳ್ಳುತ್ತಿತ್ತು, ಆರಿಸಿದರೆ ಸೆಕೆ, ಈ ಫ್ಯಾನ್ ಹಾಕಿದರೆ ನಿದ್ದೆಯಿಲ್ಲ. ಅವರು ಮಲಗುವ ಕೋಣೆಯ ಬಾಗಿಲಿಗೂ ಫ್ಯಾನಿಗೂ ಆರೇ ಅಡಿ. ಒಂದು ರಾತ್ರಿ ಎರಡು ಗಂಟೆಗೆ ಕೆಳಗೆ ಸೋಫಾ ಮೇಲೆ ಕೂತಿದ್ದರು, ನೋಡಿ ನನಗೆ ತುಂಬಾ ಬೇಜಾರಾಯಿತು. ಈ ಸಲ ಹಾಗಾಗಬಾರದು.

ಒಂದು ಕಂಪನಿಯವರು ಬಂದು ನೋಡಿ ಎಲ್ಲ ಸೇರಿ 3,800 ಡಾಲರ್ ಅಂದರು. ಹತ್ತು ನಿಮಿಷ ಇದ್ದರು ಅಷ್ಟೆ, ಆ್ಯಟಿಕ್ (ಮಾಡಿನ ಕೆಳಗಿನ ಅಟ್ಟ) ಹತ್ತಲೂ ಇಲ್ಲ. ಕ್ವಯಟ್‌ಕೂಲ್, ಏರ್‌ಸ್ಕೇಪ್, ಸೆಂಟ್ರಿಕ್ ಏರ್, ಟ್ಯಾಮರ್ಯಾಕ್ ಅಂತ ನಾಲ್ಕು ಬ್ರ್ಯಾಂಡ್ ಹೆಸರು ಕೇಳಿದ್ದೇನೆ. ನಿಜವಾಗಿ ಸದ್ದಿಲ್ಲದ್ದು ಯಾವುದು? ಬಳಸಿದವರು ದಯವಿಟ್ಟು ಹೇಳಿ.

ಚಾಮುಂಡಿ_ಬೆಟ್ಟ (ರೋಸ್‌ವಿಲ್)

ನಾವು ಡಕ್ಟ್ (ಗಾಳಿ ಕೊಳವೆ) ಇರುವ ಮಾದರಿ ಹಾಕಿಸಿ ನಾಲ್ಕು ವರ್ಷವಾಯಿತು. ಕಣ್ಣು ಮುಚ್ಚಿ ತಗೊಳ್ಳಿ. ಫ್ಯಾನ್ ಸೀಲಿಂಗ್‌ನಲ್ಲಿ ಕೂರುವುದೇ ಇಲ್ಲ, ಆ್ಯಟಿಕ್ ಒಳಗೆ ಪಟ್ಟಿಯಲ್ಲಿ ನೇತಾಡುತ್ತದೆ. ಅಲ್ಲಿಂದ ಸೀಲಿಂಗ್ ಜಾಲರಿಗೆ ಆರೆಂಟು ಅಡಿ ಉದ್ದದ, ದಪ್ಪ ಮೆತ್ತನೆಯ ಡಕ್ಟ್ ಬರುತ್ತದೆ. ಸದ್ದೆಲ್ಲ ಅದರಲ್ಲೇ ಇಂಗಿ ಹೋಗುತ್ತದೆ. ಜೋರಿನಲ್ಲಿ ಗಾಳಿಯ ಸುಯ್ ಅನ್ನುವ ಸದ್ದು ಮಾತ್ರ.

ರಾಗಿಮುದ್ದೆ (ಸ್ಯಾನ್ ರಾಮೋನ್)

ಅಷ್ಟು ದುಡ್ಡು ಯಾಕೆ? ಸೋಲಾರ್ ಆ್ಯಟಿಕ್ ಫ್ಯಾನ್ ನಾನೂರು ಐನೂರು ಡಾಲರಿಗೆ ಸಿಗುತ್ತದೆ, ಕರೆಂಟೂ ಬೇಡ. ನಮ್ಮ ಮನೆಯಲ್ಲಿ ಅದೇ ಇದೆ.

ಗಾಳಿಗೋಪುರ (ಸ್ಯಾನ್ ಹೋಸೆ)

@ರಾಗಿಮುದ್ದೆ ಎರಡೂ ಬೇರೆ ಬೇರೆ ಸರ್. ಆ್ಯಟಿಕ್ ಫ್ಯಾನ್ ಅಟ್ಟದ ಬಿಸಿ ಗಾಳಿಯನ್ನು ಮಾತ್ರ ಹೊರಗೆ ಹಾಕುತ್ತದೆ. ನೀವು ಮಲಗಿರುವ ಕೋಣೆಗೆ ಹೊರಗಿನ ತಂಪು ಗಾಳಿ ಅದರಿಂದ ಬರುವುದಿಲ್ಲ. ಹೋಲ್ ಹೌಸ್ ಫ್ಯಾನ್ ಕಿಟಕಿಯಿಂದ ಗಾಳಿ ಎಳೆದು, ಮನೆಯೊಳಗೆಲ್ಲ ಹಾಯಿಸಿ, ಅಟ್ಟಕ್ಕೆ ನೂಕಿ, ಅಲ್ಲಿಂದ ವೆಂಟ್‌ಗಳ (ಗಾಳಿ ಕಿಂಡಿಗಳ) ಮೂಲಕ ಹೊರಗೆ ಕಳಿಸುತ್ತದೆ. ಹೊರಗೆ ತಂಪಾದ ಮೇಲೆ ಮಾತ್ರ ಹಾಕಬೇಕು, ಕಿಟಕಿ ತೆಗೆದಿರಲೇಬೇಕು. ರಾತ್ರಿಯೆಲ್ಲ ಓಡಿದರೆ ಗಾಳಿಯ ಜೊತೆ ಗೋಡೆ, ನೆಲ, ಸೋಫಾ, ಹಾಸಿಗೆ ಎಲ್ಲ ತಣ್ಣಗಾಗುತ್ತವೆ. ಮಾರನೇ ದಿನ ಮಧ್ಯಾಹ್ನದವರೆಗೆ ಎ.ಸಿ. ಬೇಡದೇ ಇರುವುದು ಅದರಿಂದ.

@ತುಂಗೆಯ_ದಡ ಯಾವ ಬ್ರ್ಯಾಂಡ್ ಅನ್ನುವುದು ಎರಡನೇ ಪ್ರಶ್ನೆ ಅಕ್ಕ. ಮೊದಲನೆಯದು, ನಿಮ್ಮ ಅಟ್ಟದಲ್ಲಿ ವೆಂಟ್ ಎಷ್ಟಿದೆ? ಅದನ್ನು ನೋಡದೆ ಬೆಲೆ ಹೇಳಿದ ಕಂಪನಿಯನ್ನು ಮತ್ತೆ ಕರೆಯಬೇಡಿ.

ರಾಗಿಮುದ್ದೆ

ಹೌದಾ? ನಾನು ಇಷ್ಟು ದಿನ ಎರಡೂ ಒಂದೇ ಅಂದುಕೊಂಡಿದ್ದೆ. ಥ್ಯಾಂಕ್ಸ್ ಸರ್.

ಡಾಲಸ್_ಕನ್ನಡಿಗ

ನಮ್ಮ ಕಡೆಗೆ ಇದು ಆಗುತ್ತದಾ? ಬೇಸಿಗೆ ಬಿಲ್ ನೋಡಿದರೆ ಎದೆ ಧಸಕ್ ಅನ್ನುತ್ತದೆ.

ಗಾಳಿಗೋಪುರ

ಡಾಲಸ್‌ಗೆ ಬೇಡ ಸರ್. ಅಲ್ಲಿ ಜುಲೈ ರಾತ್ರಿಯಲ್ಲೂ 80 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ಜೊತೆಗೆ ತೇವ. ರಾತ್ರಿಯೆಲ್ಲ ಆ ತೇವವನ್ನು ಮನೆಯೊಳಗೆ ಎಳೆದುಕೊಂಡು ಬೆಳಗ್ಗೆ ಅದನ್ನು ತೆಗೆಯಲು ಎ.ಸಿ. ಹಾಕಬೇಕಾಗುತ್ತದೆ. ಮಾರ್ಚ್, ಅಕ್ಟೋಬರ್‌ನಲ್ಲಿ ಉಪಯೋಗವಾದೀತು, ಅದಕ್ಕೋಸ್ಕರ ಸೀಲಿಂಗ್ ಕೊರೆಸುವುದು ಯಾಕೆ? ಹಗಲು ಸುಡುವ, ರಾತ್ರಿ ಒಣಗಿ ತಂಪಾಗುವ ಊರಿಗೆ ಇದು ಸರಿ. ಕ್ಯಾಲಿಫೋರ್ನಿಯಾದ ಕಣಿವೆಗೆ ಹೇಳಿ ಮಾಡಿಸಿದ್ದು.

ಕಾಫಿ_ತೋಟ (ಡೇವಿಸ್)

ಇಲ್ಲಿ ಡೆಲ್ಟಾ ಬ್ರೀಝ್ ಇದೆಯಲ್ಲ, ಅದೇ ದೊಡ್ಡ ಭಾಗ್ಯ. ಸಮುದ್ರದ ತಂಪು ಗಾಳಿ ಕಾರ್ಕಿನೆಝ್ ಜಲಸಂಧಿಯ ಸಂದಿಯಿಂದ ಒಳಗೆ ನುಗ್ಗಿ ಕಣಿವೆಗೆ ಬರುತ್ತದೆ. ಡೇವಿಸ್‌ಗೆ ಸಂಜೆಯೇ ತಲುಪುತ್ತದೆ. ಫೋಲ್ಸಮ್ ಬೆಟ್ಟದ ಬುಡದಲ್ಲಿದೆ, ನಿಮಗೆ ತಡ, ಕೆಲವು ದಿನ ಬರುವುದೇ ಇಲ್ಲ ಅಲ್ವಾ?

ಗಾಳಿಯೇ ಇಲ್ಲದ ದಿನಗಳನ್ನೂ ಲೆಕ್ಕ ಹಿಡಿಯಿರಿ. 2022ರ ಸೆಪ್ಟೆಂಬರ್ 6ರಂದು ಸ್ಯಾಕ್ರಮೆಂಟೊ 116 ಡಿಗ್ರಿ ಮುಟ್ಟಿತು, ಊರಿನ ದಾಖಲೆ ಅದು. ಆ ವಾರ ನಾವು ಫ್ಯಾನ್ ಹಾಕಿದ್ದು ನಸುಕಿನಲ್ಲಿ ಮೂರು ತಾಸು ಮಾತ್ರ.

ತುಂಗೆಯ_ದಡ

ಹೌದು, ನಮಗೆ ಒಂಬತ್ತೂವರೆ ಹತ್ತಾಗುತ್ತದೆ. ಅದಕ್ಕೇ ರಾತ್ರಿಯೆಲ್ಲ ಓಡಬೇಕು, ಅದಕ್ಕೇ ಸದ್ದಿನ ಚಿಂತೆ.

@ಗಾಳಿಗೋಪುರ ಸರ್, ವೆಂಟ್‌ಗೂ ಸದ್ದಿಗೂ ಏನು ಸಂಬಂಧ? ಅದು ಗಾಳಿ ಹೋಗುವ ದಾರಿ ಮಾತ್ರ ಅಲ್ವಾ?

ಗಾಳಿಗೋಪುರ

ಅದರಲ್ಲೇ ಇರುವುದು ಎಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ, ಜನ ಫ್ಯಾನ್ ಬದಲಿಸಿ ಬದಲಿಸಿ ದುಡ್ಡು ಕಳೆದುಕೊಳ್ಳುವುದನ್ನು ನೋಡಿ ಸಂಕಟವಾಗುತ್ತದೆ.

ಸದ್ದು ನಾಲ್ಕು ಕಡೆಯಿಂದ ಬರುತ್ತದೆ. ಒಂದು ಮೋಟಾರ್ ಮತ್ತು ಬೆಲ್ಟ್. ಇನ್ನೊಂದು ರೆಕ್ಕೆ ಗಾಳಿ ಕಡಿಯುವ ಸದ್ದು. ಮೂರನೆಯದು ಮರದ ತೊಲೆಗಳಿಗೆ ಹರಡುವ ಅದುರು, ಇದು ಇಡೀ ಸೀಲಿಂಗ್ ಅನ್ನೇ ತಮಟೆ ಮಾಡಿಬಿಡುತ್ತದೆ. ಕೊನೆಯದು ಕಿರಿದಾದ ಸಂದಿಯಲ್ಲಿ ಗಾಳಿ ನುಗ್ಗುವ ಶಿಳ್ಳೆ. ಹೊಸ ಡಕ್ಟ್ ಮಾದರಿಗಳು ಮೊದಲ ಮೂರನ್ನು ಚೆನ್ನಾಗಿ ಕಡಿಮೆ ಮಾಡುತ್ತವೆ. ನಾಲ್ಕನೆಯದನ್ನು ಯಾವ ಕಂಪನಿಯೂ ಡಬ್ಬಿಯಲ್ಲಿಟ್ಟು ಮಾರುವುದಿಲ್ಲ. ಅದು ನಿಮ್ಮ ಮನೆಯದು.

ಅಟ್ಟದಿಂದ ಗಾಳಿ ಹೊರಗೆ ಹೋಗಲು ಜಾಗ ಸಾಲದಿದ್ದರೆ ಅಲ್ಲಿ ಒತ್ತಡ ಕಟ್ಟುತ್ತದೆ. ಫ್ಯಾನ್ ಏದುಸಿರು ಬಿಡುತ್ತಾ ತಿರುಗುತ್ತದೆ, ಗಾಳಿ ಕಡಿಮೆ, ಸದ್ದು ಜಾಸ್ತಿ. ಅಟ್ಟದ ಧೂಳು, ಇನ್ಸುಲೇಷನ್ (ಬಿಸಿ, ಚಳಿ ತಡೆಯುವ ಹೊದಿಕೆ) ಚೂರು ಸಂದಿಗಳಿಂದ ಕೋಣೆಗೆ ಇಳಿಯುತ್ತವೆ. ಲೆಕ್ಕ ಸುಲಭ. 750 ಸಿಎಫ್‌ಎಂ ಗಾಳಿಗೆ ಒಂದು ಚದರಡಿ ತೆರೆದ ಜಾಗ ಬೇಕು. ಸಿಎಫ್‌ಎಂ ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನುವುದು. ತೆರೆದ ಜಾಗ ಅಂದರೆ ವೆಂಟ್‌ನ ಹೊರಗಿನ ಅಳತೆ ಅಲ್ಲ. ಪಟ್ಟಿ, ಜಾಲರಿ ಕಳೆದು ಉಳಿದದ್ದು, ಸಾಮಾನ್ಯವಾಗಿ ಅರ್ಧ ಅಂತ ಹಿಡಿಯಿರಿ.

ಫ್ಯಾನ್ ಎಷ್ಟು ದೊಡ್ಡದು ಬೇಕು? ಇಲ್ಲಿನ ಟೈಟಲ್ 24 ಇಂಧನ ನಿಯಮದಲ್ಲಿ ಚದರಡಿಗೆ 1.5 ಸಿಎಫ್‌ಎಂ ಅಂತಿದೆ, 8ರಿಂದ 14ರವರೆಗಿನ ಹವಾಮಾನ ವಲಯಗಳ ಹೊಸ ಮನೆಗಳಿಗೆ. ನಿಮ್ಮದು ವಲಯ 12. ಮಾರುವವರು 2, 3 ಅನ್ನುತ್ತಾರೆ. ನೀವು 2 ಹಿಡಿಯಿರಿ. 2,100 ಚದರಡಿಗೆ 4,200 ಸಿಎಫ್‌ಎಂ. ಅದಕ್ಕೆ 5.6 ಚದರಡಿ ವೆಂಟ್ ಬೇಕು. ಬೆಳಗ್ಗೆ ತಂಪಿರುವಾಗ ಅಟ್ಟ ಹತ್ತಿ ಅಳೆದು ಬನ್ನಿ.

ಚಾಮುಂಡಿ_ಬೆಟ್ಟ

ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಸರ್? ನಾವು ಏನೂ ಅಳೆಯಲಿಲ್ಲ, ಚೆನ್ನಾಗೇ ಇದೆ.

ಗಾಳಿಗೋಪುರ

ನಿಮ್ಮ ಮನೆ ಯಾವ ವರ್ಷದ್ದು?

ಚಾಮುಂಡಿ_ಬೆಟ್ಟ

2014. ಹೆಂಚಿನ ಮಾಡು, ಮೇಲೆಲ್ಲ ಚಿಕ್ಕ ಚಿಕ್ಕ ವೆಂಟ್‌ಗಳಿವೆ.

ಗಾಳಿಗೋಪುರ

ಹಾಗಾದರೆ ನಿಮಗೆ ಮೊದಲೇ ಸಾಕಷ್ಟು ಇತ್ತು. ಅವರದು ಹಳೇ ಮನೆ, ಅಳೆಯಲೇಬೇಕು.

ಮಳೆಹನಿ (ಫ್ರೀಮಾಂಟ್)

ಒಂದು ಎಚ್ಚರಿಕೆ. ನಿಮ್ಮ ಮನೆಯಲ್ಲಿ ಫೈರ್‌ಪ್ಲೇಸ್ ಇದ್ದರೆ ಅದರ ಮುಚ್ಚಳ ಹಾಕಿದೆಯಾ ನೋಡಿ. ನಾವು ಮೊದಲ ದಿನ ಖುಷಿಯಲ್ಲಿ ಕಿಟಕಿ ಬರೀ ಒಂದು ತೆಗೆದು ಫ್ಯಾನ್ ಜೋರಿಗೆ ಇಟ್ಟೆವು. ಅದು ಚಿಮಣಿಯಿಂದ ಗಾಳಿ ಎಳೆಯಿತು. ವರ್ಷಗಟ್ಟಲೆ ಕೂತಿದ್ದ ಮಸಿ, ಬೂದಿ ಎಲ್ಲ ಹಾಲ್‌ಗೆ ಬಂತು. ಬಿಳಿ ಸೋಫಾ, ಮಗುವಿನ ಆಟದ ಸಾಮಾನು, ದೇವರ ಪಟ, ಒಂದೂ ಉಳಿಯಲಿಲ್ಲ. ಒರೆಸಲು ಎರಡು ದಿನ ಹಿಡಿಯಿತು.

ಗಾಳಿಗೋಪುರ

ಮಸಿ ಒರೆಸಬಹುದು ಮೇಡಂ. ಇದರಲ್ಲಿ ಇನ್ನೂ ದೊಡ್ಡ ಅಪಾಯ ಗ್ಯಾಸ್ ವಾಟರ್ ಹೀಟರ್. ಅದು ಮನೆಯೊಳಗೆ ಇದ್ದು, ಹೊಗೆ ತನ್ನಷ್ಟಕ್ಕೆ ಕೊಳವೆಯಲ್ಲಿ ಮೇಲೇರುವ ಹಳೇ ಮಾದರಿಯಾದರೆ, ಫ್ಯಾನ್ ಆ ಹೊಗೆಯನ್ನು ವಾಪಸ್ ಮನೆಯೊಳಗೆ ಎಳೆಯಬಹುದು. ಆ ಹೊಗೆಯಲ್ಲಿರುವ ವಿಷ ಅನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಪ್ರತಿ ಮಹಡಿಯಲ್ಲೂ ಅಲಾರಂ ಇರಬೇಕು. ಕಿಟಕಿ ತೆಗೆಯದೆ ಯಾವತ್ತೂ ಫ್ಯಾನ್ ಹಾಕಬಾರದು. ಮನೆಯಲ್ಲಿ ಹಿರಿಯರು, ಮಕ್ಕಳು ಎಲ್ಲರಿಗೂ ಇದನ್ನು ಮೊದಲು ಹೇಳಿಕೊಡಿ.

ತುಂಗೆಯ_ದಡ

ನಮ್ಮ ವಾಟರ್ ಹೀಟರ್ ಗ್ಯಾರೇಜ್‌ನಲ್ಲಿದೆ. ಮಧ್ಯದ ಬಾಗಿಲು ಯಾವಾಗಲೂ ಮುಚ್ಚಿರುತ್ತದೆ. ಫೈರ್‌ಪ್ಲೇಸ್ ಮುಚ್ಚಳ ಇವತ್ತೇ ನೋಡುತ್ತೇನೆ. ಇದನ್ನು ಆ ಕಂಪನಿಯವರು ಕೇಳಲೇ ಇಲ್ಲ.

ಕೆರೆ_ಏರಿ (ಟ್ರೇಸಿ)

ಅಕ್ಕ, ನನ್ನ ಮಾತು ಕೇಳಿ, ಒಂದು ದೊಡ್ಡದರ ಬದಲು ಎರಡು ಚಿಕ್ಕದು ಹಾಕಿಸಿ. ಒಂದು ಮೇಲಿನ ಹಾಲ್‌ವೇಗೆ, ಒಂದು ಮಾಸ್ಟರ್ ಬೆಡ್‌ರೂಮಿಗೆ. ಟ್ಯಾಮರ್ಯಾಕ್ ಚಿಕ್ಕ ಮಾದರಿಗೆ ದಪ್ಪ ಇನ್ಸುಲೇಷನ್ ಇರುವ ಎರಡು ಬಾಗಿಲು, ನಿಂತಾಗ ತಾನೇ ಮುಚ್ಚಿಕೊಳ್ಳುತ್ತವೆ. ತೊಲೆ ಕೊಯ್ಯದೆ ಮಧ್ಯೆ ಕೂರಿಸಬಹುದು. ನಾನೇ ಒಂದು ಶನಿವಾರ ಹಾಕಿದೆ.

ಚಾಮುಂಡಿ_ಬೆಟ್ಟ

ಚಿಕ್ಕದು ಸಾಲುವುದಿಲ್ಲ. 2,100 ಚದರಡಿಗೆ ಸಾವಿರ ಸಿಎಫ್‌ಎಂ ಎರಡು ಹಾಕಿದರೂ ಎರಡೇ ಸಾವಿರ.

ಕೆರೆ_ಏರಿ

ನಿಧಾನಕ್ಕೆ ರಾತ್ರಿಯೆಲ್ಲ ಓಡಿಸಿದರೆ ಸಾಲುತ್ತದೆ. ನನಗೆ ಮೂರು ಬೇಸಿಗೆಯ ಅನುಭವ ಇದೆ.

ಚಾಮುಂಡಿ_ಬೆಟ್ಟ

ನಿಮ್ಮದು ಒಂದೇ ಅಂತಸ್ತಿನ ಮನೆ. ಅವರದು ಎರಡು. ಬಿಸಿಯೆಲ್ಲ ಮೇಲಕ್ಕೆ ಹತ್ತಿರುತ್ತದೆ, ಮಲಗುವುದೂ ಮೇಲೆಯೇ. ಒಂಬತ್ತೂವರೆಗೆ ಹಾಕಿ ಹತ್ತೂವರೆಗೆ ಮಲಗಬೇಕು ಅಂದರೆ ಮೊದಲ ಒಂದು ತಾಸು ಜೋರು ಬೇಕೇ ಬೇಕು.

ಗಾಳಿಗೋಪುರ

ಇಬ್ಬರ ಮಾತಲ್ಲೂ ಹುರುಳಿದೆ. ದೊಡ್ಡ ಫ್ಯಾನ್ ತಗೊಂಡು ಕಡಿಮೆ ವೇಗದಲ್ಲಿ ಓಡಿಸಿ, ಇದೇ ನನ್ನ ಅಭಿಪ್ರಾಯ. ವೇಗ ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಲೆಕ್ಕದ ಪ್ರಕಾರ ಕರೆಂಟ್ ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಸದ್ದು ಸುಮಾರು 15 ಡೆಸಿಬಲ್ ಕಡಿಮೆ. ಹತ್ತು ಡೆಸಿಬಲ್ ಇಳಿದರೆ ಕಿವಿಗೆ ಅರ್ಧ ಸದ್ದು ಅನ್ನಿಸುತ್ತದೆ, 15 ಅಂದರೆ ಬಹಳ ದೊಡ್ಡ ವ್ಯತ್ಯಾಸ. ಅದಕ್ಕೆ ಇಸಿಎಂ (ಎಲೆಕ್ಟ್ರಾನಿಕ್ ಆಗಿ ವೇಗ ಹೊಂದಿಸುವ) ಮೋಟಾರ್ ಇರುವುದನ್ನೇ ಕೇಳಿ ಪಡೆಯಿರಿ. ಹಳೇ ಮೋಟಾರ್‌ಗಳಲ್ಲಿ ವೇಗ ಕಡಿಮೆ ಮಾಡಿದರೂ ಕರೆಂಟ್ ಅಷ್ಟಾಗಿ ಉಳಿಯುವುದಿಲ್ಲ, ಕೆಲವು ಗುಂಯ್ ಅಂತ ಬೇರೆ ಸದ್ದು ಮಾಡುತ್ತವೆ.

ಇನ್ನೊಂದು. ಜಾಹೀರಾತಿನ ಡೆಸಿಬಲ್ ಸಂಖ್ಯೆ ನಂಬಬೇಡಿ. ಎಷ್ಟು ದೂರದಲ್ಲಿ, ಯಾವ ವೇಗದಲ್ಲಿ ಅಳೆದರು ಅನ್ನುವುದು ಒಬ್ಬೊಬ್ಬರದು ಒಂದೊಂದು. ಸೋನ್ (ಕಿವಿಗೆ ಎಷ್ಟು ಜೋರು ಕೇಳುತ್ತದೆ ಅನ್ನುವ ಅಳತೆ) ಲೆಕ್ಕ ಕೊಟ್ಟಿದ್ದರೆ ಹೋಲಿಸುವುದು ಸುಲಭ. ಎರಡು ಸೋನ್ ಒಂದು ಸೋನ್‌ಗಿಂತ ಎರಡು ಪಟ್ಟು ಜೋರಾಗಿ ಕೇಳುತ್ತದೆ. ಎಚ್‌ವಿಐ ಅನ್ನುವ ಸಂಸ್ಥೆಯ ಮುದ್ರೆ ಇದ್ದರೆ ಗಾಳಿಯ ಸಂಖ್ಯೆಯನ್ನು ಬೇರೆಯವರು ಪರೀಕ್ಷಿಸಿದ್ದಾರೆ ಅಂತ ಅರ್ಥ. ಎಲ್ಲಕ್ಕಿಂತ ಒಳ್ಳೆಯದು, ಹಾಕಿಸಿಕೊಂಡವರ ಮನೆಗೆ ರಾತ್ರಿ ಹೋಗಿ ಕೇಳಿಸಿಕೊಂಡು ಬರುವುದು.

ಚಾಮುಂಡಿ_ಬೆಟ್ಟ

ಹಾಗಾದರೆ ನಮ್ಮ ಮನೆಗೇ ಬನ್ನಿ ಅಕ್ಕ. ರೋಸ್‌ವಿಲ್ ಎಷ್ಟು ದೂರ, ಅರ್ಧ ಗಂಟೆ. ಊಟಕ್ಕೇ ಬನ್ನಿ. ಮೆಸೇಜ್ ಮಾಡುತ್ತೇನೆ.

ಬಿಸಿಲೂರ_ಹುಡುಗ (ರಾಯಚೂರು)

ನಮಸ್ಕಾರ ರೀ. ನಾನು ರಾಯಚೂರಿನವ, ಸುಮ್ನೆ ಓದ್ತಾ ಇದ್ದೆ. 116 ಅಂದ್ರೆ ನಮ್ಮ ಲೆಕ್ಕದಾಗ ಹತ್ರ ಹತ್ರ 47 ಆಗ್ತದಲ್ಲ! ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 42, 43 ಇರುತ್ತದೆ. ಇಂಥ ಫ್ಯಾನ್ ನಮ್ಮ ಮನೆಗೆ ಆಗ್ತದೇನು?

ಗಾಳಿಗೋಪುರ

ನಿಮ್ಮ ಮನೆ ಆರ್‌ಸಿಸಿ ತಾರಸಿಯಾ? ಹಾಗಿದ್ದರೆ ಇದೇ ಫ್ಯಾನ್ ಆಗುವುದಿಲ್ಲ. ಮಾಡಿನ ಕೆಳಗೆ ಖಾಲಿ ಅಟ್ಟ ಇರಬೇಕು, ನಿಮಗೆ ಅದಿಲ್ಲ. ಆದರೆ ಉಪಾಯ ಅದೇ. ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಹೆಡ್‌ರೂಮ್ ಇರುತ್ತದಲ್ಲ, ಅದರ ಗೋಡೆಗೆ ನಿಧಾನ ತಿರುಗುವ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿ. ರಾತ್ರಿ ಕೆಳಗಿನ ಕಿಟಕಿ ತೆಗೆಯಿರಿ. ಮೆಟ್ಟಿಲೇ ನಿಮ್ಮ ಚಿಮಣಿ. ಜೊತೆಗೆ ತಾರಸಿಗೆ ಬಿಳಿ ಸುಣ್ಣ ಹೊಡೆಸಿ. ಇಲ್ಲದಿದ್ದರೆ ಹಗಲು ಕುಡಿದ ಬಿಸಿಲನ್ನು ಸ್ಲ್ಯಾಬ್ ರಾತ್ರಿಯೆಲ್ಲ ಕೆಳಗೆ ಕಾರುತ್ತಲೇ ಇರುತ್ತದೆ, ಫ್ಯಾನ್ ಒಬ್ಬನೇ ಏನು ಮಾಡಲು ಆಗುತ್ತದೆ?

ಬಿಸಿಲೂರ_ಹುಡುಗ

ಅಜ್ಜನ ಮನೆ ಮಣ್ಣಿನ ಮಾಳಿಗೆ ಇತ್ತು ನೋಡ್ರಿ. ಮಾಳಿಗೆಯಲ್ಲಿ ಬೆಳಕಿಂಡಿ, ಸಂಜೆ ಆದ ಕೂಡಲೇ ಅಜ್ಜಿ ಅದರ ಮುಚ್ಚಳ ಸರಿಸಲು ನಮ್ಮನ್ನು ಮೇಲೆ ಹತ್ತಿಸುತ್ತಿದ್ದಳು. ಬೆಳಗ್ಗೆ ಬಿಸಿಲು ಏರುವ ಮುಂಚೆ ಮತ್ತೆ ಮುಚ್ಚಬೇಕು. ಮನೆ ತಣ್ಣಗಿರುತ್ತಿತ್ತು. ಅದನ್ನು ಕೆಡವಿ ಸ್ಲ್ಯಾಬ್ ಹಾಕಿದ್ದು ನಾವೇ.

ಕಾಫಿ_ತೋಟ

ಬೆಂಗಳೂರಿನ ಹಳೇ ಮನೆಗಳಲ್ಲೂ ಸೀಲಿಂಗ್ ಹತ್ತಿರ ಗವಾಕ್ಷಿ ಇರುತ್ತಿದ್ದವು. ಮದ್ರಾಸ್ ತಾರಸಿ, ಎತ್ತರದ ಗೋಡೆ. ಬಿಸಿ ಗಾಳಿ ಮೇಲೆ ಹೋಗಿ ಗವಾಕ್ಷಿಯಿಂದ ಹೊರಗೆ. 2016ರ ಏಪ್ರಿಲ್ 24ಕ್ಕೆ ಬೆಂಗಳೂರು 39.2 ಡಿಗ್ರಿ ಕಂಡ ದಿನ ನಾನು ಬಸವನಗುಡಿಯಲ್ಲಿ ಅತ್ತೆಯ ಹಳೇ ಮನೆಯಲ್ಲಿದ್ದೆ. ಒಂದು ಟೇಬಲ್ ಫ್ಯಾನ್ ಸಾಕಾಯಿತು.

ಮಳೆಹನಿ

ವಿಷಯಕ್ಕೆ ಬರೋಣ. ಕಾಡ್ಗಿಚ್ಚಿನ ಹೊಗೆ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಮಗನಿಗೆ ಉಬ್ಬಸ ಇದೆ. 2020ರ ಸೆಪ್ಟೆಂಬರ್ 9 ನೆನಪಿದೆಯಾ? ಬೆಳಗ್ಗೆ ಹತ್ತಕ್ಕೆ ಆಕಾಶ ಕಿತ್ತಳೆ, ಲೈಟ್ ಹಾಕಿಕೊಂಡು ತಿಂಡಿ ಮಾಡಿದೆ. ಅಂಥ ದಿನ ಈ ಫ್ಯಾನ್ ಹಾಕಿದರೆ ಹೊಗೆಯನ್ನು ನಾವೇ ಮನೆಯೊಳಗೆ ಎಳೆದುಕೊಂಡ ಹಾಗೆ. ನಾವು ಹಾಕುವ ಮುಂಚೆ ಪ್ರತಿ ಸಂಜೆ ಗಾಳಿಯ ಗುಣಮಟ್ಟ ತೋರಿಸುವ ತಾಣಗಳಾದ ಏರ್‌ನೌ ಮತ್ತು ಪರ್ಪಲ್‌ಏರ್ ಎರಡನ್ನೂ ನೋಡುತ್ತೇವೆ. ಎಕ್ಯೂಐ (ಗಾಳಿಯ ಗುಣಮಟ್ಟ ಸೂಚ್ಯಂಕ) 50 ದಾಟಿದರೆ ಬೇಡ. ವಸಂತದಲ್ಲಿ ಹುಲ್ಲಿನ ಪರಾಗ ಜಾಸ್ತಿ ಇದ್ದಾಗಲೂ ಬೇಡ. ಎ.ಸಿ. ಪೂರ್ತಿ ಕಿತ್ತು ಹಾಕುವ ಯೋಚನೆ ಯಾರೂ ಮಾಡಬೇಡಿ.

ಕೆರೆ_ಏರಿ

ಇದು ನಿಜ. ಟ್ರೇಸಿಯಲ್ಲಿ ಬಾದಾಮಿ ಕೊಯ್ಲಿನ ಧೂಳು ಇನ್ನೊಂದು, ಆಗಸ್ಟ್‌ನಿಂದ ಶುರು. ಜೊತೆಗೆ ಸ್ಕಂಕ್ ಅನ್ನುವ ಪ್ರಾಣಿ ಬಿಡುವ ಕೆಟ್ಟ ವಾಸನೆ! ಒಮ್ಮೆ ರಾತ್ರಿ ಕಿಟಕಿ ಹತ್ತಿರ ಬಿಟ್ಟು ಹೋಯಿತು, ಐದು ನಿಮಿಷದಲ್ಲಿ ಮನೆಯೆಲ್ಲ ಅದೇ. ಆದರೆ ಒಳ್ಳೆಯದೂ ಇದೆ. ಒಗ್ಗರಣೆ ಘಾಟು, ಮೀನು ಹುರಿದ ವಾಸನೆ ಹತ್ತು ನಿಮಿಷದಲ್ಲಿ ಮಾಯ. ನನ್ನ ಹೆಂಡತಿ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುವಾಗ ಹಗಲಲ್ಲೇ ಹಾಕುತ್ತಾಳೆ.

ತುಂಗೆಯ_ದಡ, ಮಾರ್ಚ್ 16

ಅಟ್ಟ ಹತ್ತಿದೆವು! ನಮ್ಮನೆಯವರು ಮೇಲೆ ಟೇಪ್ ಹಿಡಿದರು, ನಾನು ಕೆಳಗೆ ಬರೆದುಕೊಂಡೆ. ಎರಡು ಬದಿಯ ಗೋಡೆಯಲ್ಲಿ ಎರಡು ಗೇಬಲ್ ವೆಂಟ್, 14 ಇಂಚು 24 ಇಂಚು. ಪಟ್ಟಿ, ಜಾಲರಿ ಕಳೆದು ಅರ್ಧ ಅಂದರೆ ಎರಡೂ ಸೇರಿ 2.3 ಚದರಡಿ. ಸೂರಿನ ಕೆಳಗೆ ಮೂರು ಮೂರು ತೂತಿನ ಹಲಗೆಗಳು 30 ಇವೆ. ಆದರೆ ಒಂದರಲ್ಲೂ ಬೆಳಕು ಕಾಣಲಿಲ್ಲ! ಹಿಂದಿನ ಮಾಲೀಕರು ಇನ್ಸುಲೇಷನ್ ಊದಿಸಿದಾಗ ಎಲ್ಲ ಮುಚ್ಚಿಹೋಗಿದೆ.

ಗಾಳಿಗೋಪುರ

ನೋಡಿ ಅಕ್ಕ, ಗಿರಣಿ ಸದ್ದಿಗೆ ಕಾರಣ ಸಿಕ್ಕಿತು. 2.3 ಚದರಡಿಯಲ್ಲಿ ಆರಾಮಾಗಿ ಹೋಗುವುದು 1,725 ಸಿಎಫ್‌ಎಂ ಮಾತ್ರ. 30 ಇಂಚಿನ ಫ್ಯಾನ್ ಅದರ ಎರಡು ಪಟ್ಟಿಗಿಂತ ಜಾಸ್ತಿ ತಳ್ಳಲು ನೋಡುತ್ತಿದೆ. ಹೋಗಲು ದಾರಿ ಇಲ್ಲ, ಗಾಳಿ ವಾಪಸ್ ಒದೆಯುತ್ತದೆ, ಅದಕ್ಕೇ ತಗಡಿನ ಪಟ್ಟಿ ಪಟಪಟ ಅನ್ನುವುದು. ಈ ಸ್ಥಿತಿಯಲ್ಲಿ ಎಷ್ಟೇ ದುಬಾರಿ ಫ್ಯಾನ್ ಹಾಕಿಸಿದ್ದರೂ ನಿಮಗೆ ನಿರಾಸೆಯಾಗುತ್ತಿತ್ತು.

ಸೂರಿನ ತೂತುಗಳನ್ನು ಬಿಡಿಸಿ, ಇನ್ಸುಲೇಷನ್ ಮತ್ತೆ ಜಾರದ ಹಾಗೆ ಒಳಗೆ ಬ್ಯಾಫಲ್ (ತಡೆ ಹಲಗೆ) ಹಾಕಿಸಿ. ಎರಡಿಂಚಿನ ಮೂರು ತೂತು, ಜಾಲರಿ ಕಳೆದು ಒಂದು ಹಲಗೆಗೆ 6, 7 ಚದರ ಇಂಚು. ಮೂವತ್ತಕ್ಕೆ ಸುಮಾರು 1.4 ಚದರಡಿ. ಒಟ್ಟು 3.7. ಇನ್ನು ಮಾಡಿನ ಮೇಲೆ 72 ಚದರ ಇಂಚಿನ ವೆಂಟ್ ನಾಲ್ಕು ಹಾಕಿಸಿದರೆ 2 ಚದರಡಿ. 5.7 ಆಯಿತು. ಸಾಕು.

ರಾಗಿಮುದ್ದೆ

ಮಾಡಿನ ಮೇಲೆ ವೆಂಟ್ ಅಂದರೆ ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಒಪ್ಪಬೇಕು. ನಮ್ಮಲ್ಲಿ ಬಣ್ಣ ಬದಲಿಸಲೂ ಅರ್ಜಿ ಹಾಕಬೇಕು. ಈಗಲೇ ಶುರು ಮಾಡಿ. ಸಿಟಿ ಪರ್ಮಿಟ್ ಕೂಡ.

ತುಂಗೆಯ_ದಡ

ಅರ್ಜಿ ಹಾಕುತ್ತೇನೆ, ಹಿಂಬದಿಯ ಮಾಡಿಗೆ ಅಂತ. ರಸ್ತೆಗೆ ಕಾಣುವುದಿಲ್ಲ.

ಇನ್ನೊಂದು ಪ್ರಶ್ನೆ. ಹಳೇ ಫ್ಯಾನ್ ತೆಗೆದ ದೊಡ್ಡ ತೂತು ಏನು ಮಾಡುವುದು? ಹೊಸದರ ಜಾಲರಿ ಚಿಕ್ಕದು.

ಕೆರೆ_ಏರಿ

ಡ್ರೈವಾಲ್ (ಜಿಪ್ಸಮ್ ಹಲಗೆ) ಹಾಕಿ ಮುಚ್ಚಿಸಿ, ಮೇಲೆ ಇನ್ಸುಲೇಷನ್ ತುಂಬಿಸಿ. ಇದೊಂದರಿಂದಲೇ ಚಳಿಗಾಲದಲ್ಲಿ ಗೊತ್ತಾಗುತ್ತದೆ. ಹಳೇ ಮಾದರಿಯ ತಗಡಿನ ಪಟ್ಟಿ ಅಂದರೆ ಸೀಲಿಂಗ್‌ಗೆ ಕಿಟಕಿ ತೆಗೆದಿಟ್ಟ ಹಾಗೆ, ಹೀಟರ್‌ನ ಬಿಸಿಯೆಲ್ಲ ಅಟ್ಟಕ್ಕೆ.

ಚಾಮುಂಡಿ_ಬೆಟ್ಟ

ಹೊಸ ಜಾಲರಿಯನ್ನು ಹಳೇ ಜಾಗದಲ್ಲೇ ಹಾಕಿಸಬೇಡಿ. ಮಾವನ ಕೋಣೆಯಿಂದ ದೂರ, ಮೆಟ್ಟಿಲ ಕಡೆ ಹಾಕಿಸಿ. ನಿನ್ನೆ ನಮ್ಮ ಮನೆಯಲ್ಲಿ ನೋಡಿದಿರಲ್ಲ, ಹದಿನೈದು ಅಡಿ ದೂರದಲ್ಲಿ ಕಡಿಮೆ ವೇಗದಲ್ಲಿ ಏನೂ ಗೊತ್ತಾಗಲಿಲ್ಲ ಅಲ್ವಾ?

ತುಂಗೆಯ_ದಡ

ಹೌದು, ನಿಮ್ಮನೆಯಲ್ಲಿ ಫ್ರಿಜ್ ಸದ್ದೇ ಜಾಸ್ತಿ ಅನ್ನಿಸಿತು. ಊಟಕ್ಕೂ ಥ್ಯಾಂಕ್ಸ್. ಚಿತ್ರಾನ್ನ ತುಂಬಾ ಚೆನ್ನಾಗಿತ್ತು.

ಗಾಳಿಗೋಪುರ

ಹಾಕುವ ದಿನ ನೀವೇ ನಿಂತು ಮೂರು ವಿಷಯ ನೋಡಿ. ಫ್ಯಾನ್ ಮಾಡಿನ ಮರದಿಂದ ಪಟ್ಟಿಯಲ್ಲಿ ನೇತಾಡಬೇಕು, ಸೀಲಿಂಗ್ ತೊಲೆಗೆ ಎಲ್ಲೂ ತಾಗಬಾರದು. ಡಕ್ಟ್ ಪೂರ್ತಿ ಎಳೆದಿರಬೇಕು, ಜೊತೆಗೆ ಒಂದು ನಯವಾದ ಬಾಗು ಇರಬೇಕು. ಬಾಗಿದ್ದರೆ ರೆಕ್ಕೆಯ ಸದ್ದು ನೇರ ಕೆಳಗೆ ಬರುವುದಿಲ್ಲ. ಮಡಿಕೆ ಬಿದ್ದಿದ್ದರೆ ಗಾಳಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನು ಟ್ರಸ್‌ನ ಯಾವ ಮರವನ್ನೂ ಕೊಯ್ಯಲು ಬಿಡಬೇಡಿ. ಅದು ಇಡೀ ಮಾಡಿನ ಭಾರ ಹೊತ್ತಿದೆ.

ಡಾಲಸ್_ಕನ್ನಡಿಗ

ಕರೆಂಟ್ ಎಷ್ಟು ಉಳಿಯುತ್ತದೆ? ಅದನ್ನೂ ಯಾರಾದರೂ ಹೇಳಿ.

ಕಾಫಿ_ತೋಟ

ನಮ್ಮ ಫ್ಯಾನ್ ಕಡಿಮೆ ವೇಗದಲ್ಲಿ ನೂರು ವ್ಯಾಟ್ ಒಳಗೆ. ನಾಲ್ಕು ಟನ್ ಎ.ಸಿ. ಓಡಿದರೆ ನಾಲ್ಕು ಸಾವಿರದ ಹತ್ತಿರ. ನಮಗೆ ಕರೆಂಟ್ ಕೊಡುವ ಕಂಪನಿ ಪಿಜಿ&ಇ, ಸಂಜೆ 4ರಿಂದ 9 ದುಬಾರಿ ಹೊತ್ತು. ಫೋಲ್ಸಮ್‌ಗೆ ಕರೆಂಟ್ ಕೊಡುವುದು ಎಸ್‌ಎಂಯುಡಿ, ಅಲ್ಲಿ ದುಬಾರಿ ಹೊತ್ತು ಬೇಸಿಗೆಯಲ್ಲಿ ವಾರದ ದಿನ 5ರಿಂದ 8. ರಾತ್ರಿ ಮನೆ ಚೆನ್ನಾಗಿ ತಣಿಸಿಟ್ಟರೆ ಎಂಟರವರೆಗೆ ಹಾಗೂ ಹೀಗೂ ತಳ್ಳಬಹುದು.

ತುಂಗೆಯ_ದಡ, ಜೂನ್ 14

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕೆಲಸ ಮೇ 20ಕ್ಕೆ ಮುಗಿಯಿತು. ಸೂರಿನ ತೂತು ಬಿಡಿಸಿದ ದಿನ ಒಂದು ಪ್ರಯೋಗ ಮಾಡಿದೆವು, ಹಳೇ ಫ್ಯಾನ್ ತೆಗೆಯುವ ಮುಂಚೆ ಅದನ್ನೇ ಹಾಕಿ ನೋಡಿದೆವು. ತಗಡಿನ ಪಟಪಟ ಅರ್ಧಕ್ಕರ್ಧ ಕಡಿಮೆಯಾಗಿತ್ತು! ಗಾಳಿಗೋಪುರ ಸರ್, ನಿಮ್ಮ ಮಾತು ಆಗ ಪೂರ್ತಿ ಅರ್ಥವಾಯಿತು.

ಕೊನೆಗೆ ಡಕ್ಟ್ ಇರುವ, ಇಸಿಎಂ ಮೋಟಾರ್‌ನ ಒಂದೇ ಫ್ಯಾನ್ ತಗೊಂಡೆವು, ಮೆಟ್ಟಿಲ ಮೇಲೆ. ವೆಂಟ್, ಬ್ಯಾಫಲ್, ಡ್ರೈವಾಲ್ ಎಲ್ಲ ಸೇರಿ ಆ ಕಂಪನಿ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಆಯಿತು. ಬೇರೆಯವರಿಂದ ಮಾಡಿಸಿದೆವು.

ಮೊನ್ನೆ ಹಗಲು 99 ಇತ್ತು. ರಾತ್ರಿ ಒಂಬತ್ತೂವರೆಗೆ ಒಳಗೆ 82, ಹೊರಗೆ 76. ಅರ್ಧ ಗಂಟೆ ಜೋರು, ಆಮೇಲೆ ಕಡಿಮೆ. ಬೆಳಗ್ಗೆ ಆರಕ್ಕೆ ಒಳಗೆ 67. ಮಾವನ ಕೋಣೆಯ ಕಿಟಕಿ ನಾಲ್ಕು ಇಂಚು ತೆಗೆದಿರುತ್ತದೆ, ಪರದೆ ಸಣ್ಣಗೆ ಆಡುತ್ತಿರುತ್ತದೆ. ಮೊದಲ ಎರಡು ದಿನ ಶಿಳ್ಳೆ ಬರುತ್ತಿತ್ತು, ಕೆಳಗಿನ ಇನ್ನೊಂದು ಕಿಟಕಿ ತೆಗೆದ ಮೇಲೆ ನಿಂತಿತು. ಬಂದಾಗಿನಿಂದ ಒಂದು ರಾತ್ರಿಯೂ ಅವರು ಕೆಳಗೆ ಬಂದು ಕೂತಿಲ್ಲ.

ಒಂದೇ ತೊಂದರೆ, ಅತ್ತೆ ಸಂಜೆ ಹಚ್ಚಿದ ದೇವರ ದೀಪ ರಾತ್ರಿಯವರೆಗೆ ಉರಿಯುತ್ತಿರುತ್ತದೆ, ಫ್ಯಾನ್ ಹಾಕಿದ ಕೂಡಲೇ ಆರುತ್ತಿತ್ತು. ಅವರಿಗೆ ಅದು ಮನಸ್ಸಿಗೆ ಹಿಡಿಸಲಿಲ್ಲ. ದೇವರ ಕೋಣೆಯ ಕಿಟಕಿ ಮುಚ್ಚಿ, ಬಾಗಿಲು ಹಾಕಿ ಇಡುತ್ತೇವೆ, ಈಗ ಆರುವುದಿಲ್ಲ. ಬಾಗಿಲುಗಳು ಧಡಾರ್ ಅಂತ ಹೊಡೆದುಕೊಳ್ಳುತ್ತವೆ, ಎಲ್ಲಕ್ಕೂ ತಡೆ ಇಟ್ಟಿದ್ದೇವೆ. ಬೆಳಗ್ಗೆ ಏಳಕ್ಕೆ ಕಿಟಕಿ ಮುಚ್ಚಿ ಪರದೆ ಎಳೆಯುವ ಕೆಲಸ ಮಾವ ತಾವೇ ವಹಿಸಿಕೊಂಡಿದ್ದಾರೆ. ಒಳಗೆ ಎಷ್ಟು, ಹೊರಗೆ ಎಷ್ಟು ಅಂತ ದಿನಾ ಕ್ಯಾಲೆಂಡರ್ ಮೇಲೆ ಬರೆಯುತ್ತಾರೆ.

ಬಿಸಿಲೂರ_ಹುಡುಗ

ಭಾಳ ಚಲೋ ಆತು ಅಕ್ಕ. ನಾನೂ ಹೆಡ್‌ರೂಮಿಗೆ ಫ್ಯಾನ್ ಹಾಕಿಸಿದೆ, ಸುಣ್ಣಾನೂ ಹೊಡೆಸಿದೆ. ಮೇಲಿನ ಕೋಣೆಯಲ್ಲಿ ಈಗ ಅವ್ವ ಮಲಗುತ್ತಾಳೆ.

ಮಳೆಹನಿ

ಮಾಡಿನ ಹೊಸ ವೆಂಟ್‌ಗೆ ಯಾವ ಜಾಲರಿ ಹಾಕಿಸಿದಿರಿ? ನಿಮ್ಮ ಕಡೆ ಕಾಡ್ಗಿಚ್ಚಿನ ಕಿಡಿ ಹಾರಿ ಬರುವ ಭಯ ಇದೆ.

ತುಂಗೆಯ_ದಡ

ಒಂದು ಇಂಚಿನ ಎಂಟನೇ ಒಂದು ಭಾಗದ್ದು, ಲೋಹದ್ದು. ಧೂಳು ಕಟ್ಟಿದರೆ ಗಾಳಿ ಕಡಿಮೆಯಾಗುತ್ತದಂತೆ, ಪ್ರತಿ ಮಾರ್ಚ್‌ಗೆ ಒಮ್ಮೆ ಹತ್ತಿ ನೋಡಿ ಅಂದಿದ್ದಾರೆ.